ಯಕ್ಷಗಾನದ ಫೋಟೊ ವೆಬ್‌ಸೈಟಿಗೆ: ಸೈಜ್ ಇಳಿಸಿದರೆ ಕೆಂಪು ಕದಡುತ್ತದೆ, ಚಿಟ್ಟಿ ಮಸುಕಾಗುತ್ತದೆ

ಪ್ರಶ್ನೆ — ಚೌಕಿದೀಪ

ನಮಸ್ಕಾರ. ತೆಂಕುತಿಟ್ಟಿನ ಒಂದು ಹವ್ಯಾಸಿ ತಂಡದ ವೆಬ್‌ಸೈಟಿಗೆ ಫೋಟೊ ಹಾಕುವ ಕೆಲಸ ಇದು. ಸೈಟು ವರ್ಡ್‌ಪ್ರೆಸ್‌ನದು, ಶೇರ್ಡ್ ಹೋಸ್ಟಿಂಗ್, ಜಾಗ 5 ಜಿಬಿ. 400 ಫೋಟೊ ಹಾಕುವಷ್ಟರಲ್ಲಿ ಅದು ಹೆಚ್ಚುಕಡಿಮೆ ತುಂಬಿದೆ.

ಫೋಟೊಗಳ ವಿವರ: ಹೆಚ್ಚಿನವು ಕ್ಯಾಮೆರಾದವು, 6000×4000 ಪಿಕ್ಸೆಲ್, ತಲಾ 8ರಿಂದ 10 ಎಂಬಿ. ಎಲ್ಲ ರಾತ್ರಿ ಆಟದವು, ಐಎಸ್‌ಒ (ಕತ್ತಲಲ್ಲಿ ಏರಿಸುವ ಬೆಳಕಿನ ಸೂಕ್ಷ್ಮತೆ) 3200ರಿಂದ 6400. ಕೆಲವು ಐಫೋನಿನವು, ಇನ್ನು ಕೆಲವು ವಾಟ್ಸಾಪಿನಲ್ಲಿ ಬಂದವು.

ತೊಂದರೆಗಳು ಹೀಗಿವೆ. ಒಂದು ಪ್ರಸಂಗದ ಪುಟದಲ್ಲಿ 40 ಫೋಟೊ ಇದ್ದರೆ ಪುಟದ ತೂಕ 40 ಎಂಬಿ ಮೀರುತ್ತದೆ, ಫೋನಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಅಳತೆ ಹಾಗೇ ಇಟ್ಟು ಜೆಪೆಗ್ ಕ್ವಾಲಿಟಿ 40ಕ್ಕೆ ಇಳಿಸಿ ನೋಡಿದರೆ ಫೈಲು ಒಂದೂವರೆ ಎಂಬಿಗೆ ಬಂತು, ಆದರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಹಾಳಾಯಿತು. ಚಿಟ್ಟಿಯ, ಅಂದರೆ ಮುಖದ ಮೇಲೆ ಹಿಟ್ಟಿನಿಂದ ಇಟ್ಟ ಬಿಳಿ ಮುಳ್ಳುಗಳ ಸುತ್ತ ಧೂಳು ಹಾರಿದ ಹಾಗೆ ಕಾಣುತ್ತದೆ, ಕೆಂಪು ಬಣ್ಣ ಅಂಚು ಬಿಟ್ಟು ಆಚೆ ಸೋರಿದ ಹಾಗಿದೆ. ಹಿಂದಿನ ಕಪ್ಪು ಪರದೆಯಲ್ಲಿ ಚೌಕ ಚೌಕ. ಇದರ ಮೇಲೆ ಕೆಲವು ಫೋಟೊ ಅಪ್‌ಲೋಡ್ ಆಗುವಾಗ ಎರರ್ ಬರುತ್ತದೆ, ಕೆಲವು ಅಡ್ಡ ಮಲಗುತ್ತವೆ, ಕೆಲವು ಸಣ್ಣ ಪ್ರತಿಯಲ್ಲಿ ಮಂಕಾಗಿ ದೊಡ್ಡದರಲ್ಲಿ ಸರಿಯಾಗಿ ಕಾಣುತ್ತವೆ.

ಎಷ್ಟು ಅಳತೆ, ಎಷ್ಟು ಕೆಬಿ ಇಟ್ಟುಕೊಳ್ಳಬೇಕು? ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಮಾಡುವ ದಾರಿ ಬೇಕು. ದುಡ್ಡು ಕೊಡುವ ಸಾಫ್ಟ್‌ವೇರ್ ಬೇಡ.


ಉತ್ತರ — ಬಿಟ್ಟುಬೈಟು

ಎಡವಿದ್ದು ಮೊದಲ ಮೆಟ್ಟಿಲಲ್ಲೇ. ಮೊದಲು ಇಳಿಸಬೇಕಾದ್ದು ಪಿಕ್ಸೆಲ್. ಕ್ವಾಲಿಟಿಗೆ ಕೈ ಹಾಕುವುದು ಆಮೇಲೆ, ಅದೂ ಹಗುರವಾಗಿ.

6000×4000 ಅಂದರೆ 2.4 ಕೋಟಿ ಪಿಕ್ಸೆಲ್. ಫೋನಿನ ಪರದೆಯ ಅಗಲ ಸಾಮಾನ್ಯವಾಗಿ 1080, ಲ್ಯಾಪ್‌ಟಾಪಿನದು 1366 ಅಥವಾ 1920. ಉಳಿದ ಪಿಕ್ಸೆಲ್ಲುಗಳನ್ನು ನೋಡುಗರ ಡೇಟಾ ಖರ್ಚಿನಲ್ಲಿ ಇಳಿಸಿ ಅವರ ಬ್ರೌಸರೇ ಎಸೆಯುತ್ತದೆ. ಉದ್ದನೆಯ ಬದಿಯನ್ನು 1536ಕ್ಕೆ ತಂದರೆ 1536×1024, ಅಂದರೆ ಸುಮಾರು 15.7 ಲಕ್ಷ ಪಿಕ್ಸೆಲ್, ಮೂಲದ 15ರಲ್ಲಿ ಒಂದು ಪಾಲು. ಈ ಅಳತೆಯಲ್ಲಿ ಕ್ವಾಲಿಟಿ 80ರ ಆಸುಪಾಸು ಇಟ್ಟರೂ ರಂಗದ ಫೋಟೊ 250ರಿಂದ 350 ಕೆಬಿಗೆ ಬಂದು ನಿಲ್ಲುತ್ತದೆ. ನಿಮ್ಮ ಒಂದೂವರೆ ಎಂಬಿಯ ಕ್ವಾಲಿಟಿ 40ರ ಫೈಲಿಗಿಂತ ಚಿಕ್ಕದು, ಚಂದವೂ ಹೌದು.

ರಾತ್ರಿ ಆಟದ ಫೋಟೊಗೆ ಇನ್ನೊಂದು ಲಾಭ ಇದೆ. ಐಎಸ್‌ಒ 6400ರಲ್ಲಿ ಕಪ್ಪು ಪರದೆಯೂ ಕಪ್ಪಾಗಿ ಇರುವುದಿಲ್ಲ, ಇರುವೆ ಮುತ್ತಿದ ಹಾಗೆ ಬಣ್ಣದ ಕಣಗಳು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ ಒಂದೊಂದರಲ್ಲಿ ಎಷ್ಟು ಏರಿಳಿತ ಇದೆ ಎಂದು ಬರೆದಿಡುತ್ತದೆ. ನುಣುಪಾದ ಚೌಕಕ್ಕೆ ನಾಲ್ಕಾರು ಬೈಟು ಸಾಕು. ಕಣ ತುಂಬಿದ ಚೌಕಕ್ಕೆ ಏರಿಳಿತವನ್ನೆಲ್ಲ ಬರೆಯಬೇಕು. ಹಾಗಾಗಿ ನಿಮ್ಮ 9 ಎಂಬಿಯಲ್ಲಿ ದೊಡ್ಡ ಪಾಲು ವೇಷದ್ದಲ್ಲ, ಕತ್ತಲೆಯ ಗದ್ದಲದ್ದು. ಅಳತೆ ಇಳಿಸುವಾಗ ಸುಮಾರು 15 ಪಿಕ್ಸೆಲ್ ಸೇರಿ ಒಂದಾಗುತ್ತವೆ, ಆ ಸರಾಸರಿಯಲ್ಲೇ ಗದ್ದಲ ಅಡಗುತ್ತದೆ. ನೀವು ಅಳತೆ ಮುಟ್ಟದೆ ಕ್ವಾಲಿಟಿ ಮಾತ್ರ ಇಳಿಸಿದ್ದರಿಂದ ಗದ್ದಲವೂ ಉಳಿಯಿತು, ಅದನ್ನು ಹಿಂಡುವ ಅವಸರದಲ್ಲಿ ಚೌಕದ ಗಡಿಗಳೂ ಎದ್ದು ಬಂದವು. ಪರದೆಯಲ್ಲಿ ಕಂಡ ಚೌಕಗಳು ಇವೇ.

ವಿಂಡೋಸಿಗೆ ಇರ್ಫಾನ್‌ವ್ಯೂ ಸಾಕು, ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ. ತೆರೆದು ಬಿ ಕೀ ಒತ್ತಿ, ಬ್ಯಾಚ್ ಕನ್ವರ್ಷನ್ ಕಿಟಕಿ ಬರುತ್ತದೆ.

1. ಔಟ್‌ಪುಟ್ ಫಾರ್ಮ್ಯಾಟ್ ಜೆಪಿಜಿ. ಪಕ್ಕದ ಆಪ್ಷನ್ಸ್ ಒತ್ತಿ ಕ್ವಾಲಿಟಿ 82. ಪ್ರೊಗ್ರೆಸಿವ್‌ಗೆ ಟಿಕ್ ಹಾಕಿ: ಫೈಲು ಸಾಮಾನ್ಯವಾಗಿ ತುಸು ಚಿಕ್ಕದಾಗುತ್ತದೆ, ನಿಧಾನ ನೆಟ್ಟಿನಲ್ಲಿ ಇಡೀ ಚಿತ್ರ ಮಸುಕಾಗಿ ಮೊದಲೇ ಕಾಣುತ್ತದೆ.
2. ಎಕ್ಸಿಫ್ (ಕ್ಯಾಮೆರಾ ಫೋಟೊದ ಒಳಗೆ ಬರೆದಿಡುವ ವಿವರ) ಉಳಿಸುವ ಟಿಕ್ ತೆಗೆಯಿರಿ.
3. ಅಡ್ವಾನ್ಸ್ಡ್ ಒಳಗೆ ರೀಸೈಜ್ ಟಿಕ್ ಮಾಡಿ, ಲಾಂಗ್ ಸೈಡ್ 1536. ಅನುಪಾತ ಉಳಿಸುವುದಕ್ಕೂ, ಚಿಕ್ಕ ಚಿತ್ರವನ್ನು ಹಿಗ್ಗಿಸಬಾರದು ಎಂಬುದಕ್ಕೂ ಟಿಕ್ ಇರಲಿ. ಎರಡನೆಯದು ಮರೆತರೆ ವಾಟ್ಸಾಪಿನ 1280ರ ಫೋಟೊ 1536ಕ್ಕೆ ಊದಿಕೊಂಡು ಕೂರುತ್ತದೆ.
4. ರೀಸ್ಯಾಂಪಲ್ ಎಂಬ ಆಯ್ಕೆಯೇ ಆಗಿರಬೇಕು, ಬರಿಯ ರೀಸೈಜ್ ಅಲ್ಲ. ಫಿಲ್ಟರು ಲಾಂಕ್ಜೋಸ್. ಬರಿಯ ರೀಸೈಜ್ ನಡುನಡುವಿನ ಪಿಕ್ಸೆಲ್ ಕಿತ್ತೆಸೆಯುತ್ತದೆ ಅಷ್ಟೇ. ಬಡಗುತಿಟ್ಟಿನ ಕಸೆ ಸೀರೆಯ ಚೌಕುಳಿಯಲ್ಲಿ, ಭುಜಕೀರ್ತಿಯ ಕನ್ನಡಿ ಚೂರುಗಳಲ್ಲಿ ಇಲ್ಲದ ಅಲೆ ಅಲೆ ಗೆರೆ ಎದ್ದರೆ ಕಾರಣ ಇದು.
5. ಔಟ್‌ಪುಟ್ ಫೋಲ್ಡರ್ ಬೇರೆ ಕೊಡಿ. ಮೂಲ ಫೈಲಿನ ಮೇಲೆಯೇ ಬರೆಸಿಬಿಟ್ಟರೆ ನಾಳೆ ಬ್ಯಾನರಿಗೆ ಮುದ್ರಿಸಲು ಏನೂ ಉಳಿದಿರುವುದಿಲ್ಲ.

ಇಳಿಸಿದ ಮೇಲೆ ಚಿತ್ರ ತುಸು ಮೆತ್ತಗಾಗುತ್ತದೆ, ಶಾರ್ಪನ್ ಸ್ವಲ್ಪ ಕೊಡಿ, ಹೆಚ್ಚು ಬೇಡ. ಶಾರ್ಪನ್ ಕೊಟ್ಟಷ್ಟೂ ಅಂಚು ಹರಿತವಾಗಿ ಕೆಬಿ ಏರುತ್ತದೆ. ಗಿಂಪ್‌ನಲ್ಲಿ ಮಾಡುವುದಾದರೆ ಅನ್‌ಶಾರ್ಪ್ ಮಾಸ್ಕಿನ ರೇಡಿಯಸ್ 0.6, ಅಮೌಂಟ್ 0.4ರಿಂದ ಶುರು ಮಾಡಿ. ಥ್ರೆಶೋಲ್ಡ್ ತುಸು ಏರಿಸಿದರೆ ಕತ್ತಲೆಯ ಕಣಗಳು ಮತ್ತೆ ಏಳುವುದಿಲ್ಲ.

ಇನ್ನು, ಯಾರಾದರೂ “72 ಡಿಪಿಐ ಮಾಡಿ” ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಮುದ್ರಣದ ಯಂತ್ರಕ್ಕೆ ಹೇಳುವ ಒಂದು ಅಂಕಿ. 1536 ಪಿಕ್ಸೆಲ್ಲಿನ ಚಿತ್ರದ ಮೇಲೆ 72 ಅಂತ ಬರೆದರೂ 300 ಅಂತ ಬರೆದರೂ ಫೈಲಿನ ತೂಕ ಅಷ್ಟೇ.


ಉತ್ತರ — ಹೊಳೆಬದಿ

ಇಷ್ಟೆಲ್ಲ ಯಾಕೆ ಮಾರಾಯ್ರೆ. ಆನ್‌ಲೈನಿನಲ್ಲಿ “100 ಕೆಬಿಗೆ ಇಳಿಸಿ” ಅಂತ ಹತ್ತಾರು ಸೈಟು ಇವೆ. ಪ್ರತಿ ಫೋಟೊ 100 ಕೆಬಿ ಒಳಗೆ ಇರಲಿ, ಮುಗಿಯಿತು.


ಉತ್ತರ — ಬಿಟ್ಟುಬೈಟು

ಕೆಬಿಯ ಮಿತಿ ಅರ್ಜಿ ತುಂಬುವವರಿಗೆ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯ ಅರ್ಜಿಯಲ್ಲಿ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಅಂತ ಕೇಳುತ್ತಾರೆ; ಅಲ್ಲಿ ಆ ಸೈಟುಗಳು ಸರಿ. ಗ್ಯಾಲರಿಗೆ ಅದು ತಿರುಗುಮುರುಗು. ಕಪ್ಪು ಪರದೆಯ ಎದುರು ಒಂಟಿ ಭಾಗವತರ ಚಿತ್ರ ಕ್ವಾಲಿಟಿ 85ರಲ್ಲೂ 110 ಕೆಬಿಗೆ ಕೂರಬಹುದು. ಒಡ್ಡೋಲಗದಲ್ಲಿ ಆರು ವೇಷ, ಹಿಂದೆ ಚೆಂಡೆ ಮದ್ದಳೆ, ಎದುರಲ್ಲಿ ಪ್ರೇಕ್ಷಕರ ತಲೆ ಎಲ್ಲ ಇದ್ದರೆ ಅದೇ ಅಳತೆಗೆ 400 ಕೆಬಿ ಬೇಕು. ಎರಡನ್ನೂ 100ಕ್ಕೆ ಹಿಂಡಿದರೆ ಮೊದಲನೆಯದಕ್ಕೆ ಏನೂ ಆಗುವುದಿಲ್ಲ, ಎರಡನೆಯದು ಸಾಯುತ್ತದೆ. ಕ್ವಾಲಿಟಿಯನ್ನು ಒಂದೇ ಇಟ್ಟು ಕೆಬಿಯನ್ನು ಅದರ ಪಾಡಿಗೆ ಬಿಡಬೇಕು.

ಆ ಸೈಟುಗಳ ಇನ್ನೊಂದು ಕತೆ: ಹೆಚ್ಚಿನವು ಫೋಟೊವನ್ನು ತಮ್ಮ ಸರ್ವರಿಗೆ ಏರಿಸಿಕೊಳ್ಳುತ್ತವೆ. ಒಂದೆರಡು ಚಿತ್ರದ ಮೇಲೆ ಪ್ರಯೋಗ ಮಾಡಬೇಕಿದ್ದರೆ ಗೂಗಲ್‌ನ ಕ್ರೋಮ್ ತಂಡದವರು ಮಾಡಿದ ಸ್ಕ್ವೂಷ್ ಇದೆ. ಬ್ರೌಸರಿನಲ್ಲೇ ನಡೆಯುತ್ತದೆ, ಫೋಟೊ ನಿಮ್ಮ ಯಂತ್ರ ಬಿಟ್ಟು ಹೋಗುವುದಿಲ್ಲ. ನಡುವಿನ ಗೆರೆಯನ್ನು ಆಚೀಚೆ ಎಳೆದು ಹಳೆಯದು ಹೊಸದು ಹೋಲಿಸಬಹುದು. ಮುಖದ ಮೇಲೆ ಝೂಮ್ ಮಾಡಿ ಕ್ವಾಲಿಟಿಯನ್ನು ಐದೈದೇ ಇಳಿಸುತ್ತ ಹೋಗಿ, ಚಿಟ್ಟಿಯ ಸುತ್ತ ಧೂಳು ಏಳುವ ಅಂಕಿ ಸಿಕ್ಕಿದರೆ ಅದಕ್ಕಿಂತ ಐದು ಮೇಲೆ ನಿಲ್ಲಿ.

ಕ್ವಾಲಿಟಿಯ ಅಂಕಿ ಎಲ್ಲ ಸಾಫ್ಟ್‌ವೇರಿಗೂ ಒಂದೇ ಅಲ್ಲ ಎಂಬುದು ನೆನಪಿರಲಿ. ಫೋಟೊಶಾಪಿನ ಅಳತೆಗೋಲು 0ರಿಂದ 12. ಒಂದರಲ್ಲಿ ಕಂಡುಕೊಂಡ 80 ಇನ್ನೊಂದರಲ್ಲಿ 80 ಆಗಿರಬೇಕೆಂದಿಲ್ಲ.


ಉತ್ತರ — ಬಣ್ಣದಪೆಟ್ಟಿಗೆ

ಕೆಂಪು ಸೋರುವ ವಿಚಾರ ಯಾರೂ ಮುಟ್ಟಿಲ್ಲ. ಕ್ವಾಲಿಟಿ 82 ಇಟ್ಟರೂ ಅದು ಪೂರ್ತಿ ಹೋಗುವುದಿಲ್ಲ, ಕಾರಣ ಬೇರೆ.

ಜೆಪೆಗ್ ಮೊದಲು ಚಿತ್ರವನ್ನು ಎರಡಾಗಿ ಬಿಡಿಸುತ್ತದೆ: ಬೆಳಕು ಒಂದು ಕಡೆ, ಬಣ್ಣ ಇನ್ನೊಂದು ಕಡೆ. ನಮ್ಮ ಕಣ್ಣು ಬೆಳಕಿನ ಅಂಚನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ಅಂಚನ್ನು ಹಿಡಿಯುವುದಿಲ್ಲ. ಈ ನಂಬಿಕೆಯ ಮೇಲೆ 2×2, ಅಂದರೆ ನಾಲ್ಕು ಪಿಕ್ಸೆಲ್ಲಿಗೆ ಸೇರಿ ಒಂದೇ ಬಣ್ಣದ ಬೆಲೆ ಇಟ್ಟುಕೊಳ್ಳುತ್ತದೆ. ಇದನ್ನೇ 4:2:0 ಅನ್ನುವುದು. ಮರ, ಆಕಾಶ, ಊಟದ ಎಲೆ, ಮದುವೆ ಮನೆಯ ಗುಂಪು ಚಿತ್ರ, ಇವಕ್ಕೆಲ್ಲ ಇದರಿಂದ ಏನೂ ಗೊತ್ತಾಗುವುದಿಲ್ಲ. ಬಣ್ಣದ ವೇಷಕ್ಕೆ ಗೊತ್ತಾಗುತ್ತದೆ. ಬೆಳಕಿನ ಲೆಕ್ಕದಲ್ಲಿ ಕೆಂಪಿನ ಪಾಲು 0.299, ಹಸಿರಿನದು 0.587, ನೀಲಿಯದು 0.114. ಹಾಗಾಗಿ 255ರ ಅಚ್ಚ ಕೆಂಪು ಬೆಳಕಿನ ಪಾತ್ರೆಯಲ್ಲಿ ಬರೀ 76. ಕಪ್ಪಿನ ಪಕ್ಕ ಕೆಂಪು ಇದ್ದಾಗ ಅಂಚನ್ನು ಹೊತ್ತು ನಿಲ್ಲಬೇಕಾದ್ದು ಬಣ್ಣದ ಪಾತ್ರೆ. ಅದರಲ್ಲೋ ನಾಲ್ಕಕ್ಕೊಂದು ಬೆಲೆ. ಕಣ್ಣಿನ ಸುತ್ತಿನ ಕಾಡಿಗೆಯ ಒಳಗೆ ಕೆಂಪು ಹೊಕ್ಕ ಹಾಗೆ ಕಾಣುವುದು ಹೀಗೆ.

ಪರಿಹಾರ ಒಂದೇ ಟಿಕ್. ಇರ್ಫಾನ್‌ವ್ಯೂನ ಜೆಪಿಜಿ ಆಪ್ಷನ್ಸ್‌ನಲ್ಲಿ “ಡಿಸೇಬಲ್ ಕಲರ್ ಸಬ್‌ಸ್ಯಾಂಪ್ಲಿಂಗ್” ಇದೆ, ಹಾಕಿ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ತೆರೆದು ಸಬ್‌ಸ್ಯಾಂಪ್ಲಿಂಗ್ 4:4:4 ಆರಿಸಿ. ಫೈಲು ತುಸು ಏರುತ್ತದೆ, ಎಷ್ಟೆಂಬುದು ಚಿತ್ರದ ಮೇಲೆ. ಆ ಏರಿಕೆ ತಡೆಯದಿದ್ದರೆ ಕ್ವಾಲಿಟಿ 82ರಿಂದ 78ಕ್ಕೆ ಇಳಿಸಿ ಸರಿದೂಗಿಸಿ. ಕೆಂಪು ವೇಷಕ್ಕೆ 78 ಮತ್ತು 4:4:4 ಎಂಬ ಜೋಡಿ 85 ಮತ್ತು 4:2:0ಕ್ಕಿಂತ ಚೆನ್ನಾಗಿ ಕಾಣುತ್ತದೆ. ಸ್ತ್ರೀವೇಷ, ಪ್ರೇಕ್ಷಕರು, ಸನ್ಮಾನ ಸಮಾರಂಭ ಇವಕ್ಕೆಲ್ಲ ಈ ಉಪಚಾರ ಬೇಡ.

ಚಿಟ್ಟಿಯದು ಇದಕ್ಕಿಂತ ಬೇರೆ. ಅಕ್ಕಿಹಿಟ್ಟು ಸುಣ್ಣದ ಆ ಬಿಳಿ ಮುಳ್ಳು ಕಪ್ಪು ಕೆಂಪಿನ ಮೇಲೆ ಎದ್ದು ನಿಂತಿರುತ್ತದೆ. ಬೆಳಕು ಒಂದೇ ಪಿಕ್ಸೆಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಬೀಳುತ್ತದೆ. ಕ್ವಾಲಿಟಿ ಇಳಿಸಿದಾಗ ಜೆಪೆಗ್ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುತ್ತದೆ. ಅಂಥ ಕಡಿದಾದ ಅಂಚನ್ನು ಅವಿಲ್ಲದೆ ಕಟ್ಟಲು ಆಗುವುದಿಲ್ಲ, ಆ ಕೊರತೆ ಸುತ್ತಲಿನ ಚೌಕದಲ್ಲೆಲ್ಲ ಅಲೆಯಾಗಿ ಚೆಲ್ಲುತ್ತದೆ. ನಿಮಗೆ ಧೂಳಿನ ಹಾಗೆ ಕಂಡದ್ದು ಅದು. ಇದಕ್ಕೆ ಮದ್ದು ಕ್ವಾಲಿಟಿಯೇ, 75ಕ್ಕಿಂತ ಕೆಳಗೆ ಹೋಗಬೇಡಿ. ಅತಿಯಾದ ಶಾರ್ಪನ್ ಕೂಡ ಇದನ್ನೇ ಹೆಚ್ಚಿಸುತ್ತದೆ.

ವೆಬ್‌ಪಿ ಮಾಡಿದರೆ ಹೇಗೆ ಅಂತ ಮುಂದೆ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಸಾಮಾನ್ಯ ಚಿತ್ರಕ್ಕೆ ಜೆಪೆಗ್‌ಗಿಂತ ಚಿಕ್ಕದಾಗುತ್ತದೆ, 2020ರಲ್ಲಿ ಸಫಾರಿ 14 ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ತೆರೆಯುತ್ತದೆ. ಆದರೆ ಲಾಸಿ (ಗುಣ ತುಸು ಬಿಟ್ಟು ಹಿಂಡುವ) ವೆಬ್‌ಪಿಯಲ್ಲಿ 4:2:0 ಬಿಟ್ಟು ಬೇರೆ ಆಯ್ಕೆಯೇ ಇಲ್ಲ. ಸ್ಕ್ವೂಷ್‌ನ ಅಡ್ವಾನ್ಸ್ಡ್‌ನಲ್ಲಿರುವ ಶಾರ್ಪ್ ವೈಯುವಿ ಆಯ್ಕೆ ಸ್ವಲ್ಪ ಸುಧಾರಿಸುತ್ತದೆ ಅಷ್ಟೇ. ಎವಿಐಎಫ್ ಎಂಬ ಇನ್ನೊಂದು ಫಾರ್ಮ್ಯಾಟಿನಲ್ಲಿ 4:4:4 ಸಿಗುತ್ತದೆ, ಫೈಲೂ ಚಿಕ್ಕದು, ಆದರೆ ಪರಿವರ್ತನೆ ನಿಧಾನ, ಅಪ್‌ಡೇಟ್ ಆಗದ ಹಳೆಯ ಫೋನುಗಳಲ್ಲಿ ತೆರೆಯುವುದಿಲ್ಲ. ಯಕ್ಷಗಾನದ ಸೈಟಿಗೆ ಬರುವವರಲ್ಲಿ ಅಂಥ ಫೋನಿನವರೂ ಇರುತ್ತಾರೆ. ನನ್ನ ಮತ ಜೆಪೆಗ್‌ಗೇ.


ಚೌಕಿದೀಪ

ತುಂಬ ಉಪಕಾರವಾಯಿತು. 12 ಫೋಟೊ ಪ್ರಯೋಗ ಮಾಡಿದೆ: 1536, ಕ್ವಾಲಿಟಿ 80, ಸಬ್‌ಸ್ಯಾಂಪ್ಲಿಂಗ್ ಇಲ್ಲ. ಒಟ್ಟು 104 ಎಂಬಿ ಇದ್ದದ್ದು 4.1 ಎಂಬಿಗೆ ಬಂತು. ಬಣ್ಣದ ವೇಷದ ಮುಖ ಸರಿಯಾಗಿದೆ, ಕಣ್ಣಿನ ಕೆಂಪೂ ಕದಡಿಲ್ಲ.

ಉಳಿದವು: ಅಪ್‌ಲೋಡ್ ಎರರ್, ಅಡ್ಡ ಮಲಗುವುದು, ಸಣ್ಣ ಪ್ರತಿ ಮಂಕಾಗುವುದು. ಈಗಾಗಲೇ ಹಾಕಿದ 400 ಫೋಟೊಗಳನ್ನು ಏನು ಮಾಡುವುದು? ಕರಪತ್ರದ ಚಿತ್ರದಲ್ಲಿ ಅಕ್ಷರಗಳು ಮಸುಕಾಗುವುದಕ್ಕೂ ದಾರಿ ಇದ್ದರೆ ತಿಳಿಸಿ, ಮೊದಲು ಕೇಳಲು ಮರೆತಿತ್ತು.


ಉತ್ತರ — ಸರ್ವರ್‌ಭಟ್ಟ

ವರ್ಡ್‌ಪ್ರೆಸ್ಸಿನ ಪಾಲಿನದು ನಾನು ಹೇಳುತ್ತೇನೆ.

ಜಾಗ ತುಂಬಿದ್ದು ಯಾಕೆ: ಒಂದು ಫೋಟೊ ಏರಿಸಿದರೆ ಅಲ್ಲಿ ಕೂರುವುದು ಒಂದು ಫೈಲಲ್ಲ. 2019ರ 5.3 ಆವೃತ್ತಿಯಿಂದ ಈಚೆಗೆ 2560 ಮೀರಿದ ಚಿತ್ರಕ್ಕೆ “ಸ್ಕೇಲ್ಡ್” ಎಂದು ಬಾಲ ಸೇರಿಸಿದ 2560ರ ಪ್ರತಿ ಆಗುತ್ತದೆ. ಅದರ ಜೊತೆಗೆ 2048, 1536, 1024, 768, 300, 150. ಕೆಲವು ಥೀಮುಗಳು ತಮ್ಮದೂ ಎರಡು ಮೂರು ಅಳತೆ ಸೇರಿಸುತ್ತವೆ. ನಿಮ್ಮ 9 ಎಂಬಿಯ ಮೂಲ ಫೈಲೂ ಹಾಗೇ ಕೂತಿರುತ್ತದೆ, ಪುಟದಲ್ಲಿ ಅದನ್ನು ಯಾರೂ ನೋಡದಿದ್ದರೂ. ಮೂಲ 9, ಮರಿಗಳೆಲ್ಲ ಸೇರಿ ಎರಡೂವರೆ ಎಂಬಿ ಅಂತಿಟ್ಟುಕೊಂಡರೂ 400 ಫೋಟೊಗೆ 4.6 ಜಿಬಿ. ಲೆಕ್ಕ ಸರಿಹೋಯಿತಲ್ಲ.

40 ಫೋಟೊಗೆ 40 ಎಂಬಿ ಅಂದಿರಿ, ತಲಾ ಒಂದು ಎಂಬಿ. ಅದು 2560ರ ಪ್ರತಿಯ ತೂಕ. ಅಂದರೆ ನಿಮ್ಮ ಗ್ಯಾಲರಿ ಸಣ್ಣ ಪ್ರತಿಗಳನ್ನು ಬಿಟ್ಟು “ಫುಲ್ ಸೈಜ್” ಅನ್ನೇ ಎಳೆಯುತ್ತಿದೆ. ಗ್ಯಾಲರಿಯ ಸೆಟ್ಟಿಂಗಿನಲ್ಲಿ ಇಮೇಜ್ ಸೈಜನ್ನು ಮೀಡಿಯಂ ಅಥವಾ ಲಾರ್ಜ್ ಮಾಡಿ, ಒತ್ತಿದಾಗ ಮಾತ್ರ ದೊಡ್ಡದು ತೆರೆಯಲಿ. ಬೇರೆ ಪ್ಲಗಿನ್ ಹಾಕಿದ್ದು ಅದರಲ್ಲಿ ಈ ಆಯ್ಕೆಯೇ ಇಲ್ಲದಿದ್ದರೆ ಪ್ಲಗಿನ್ ಬಿಡಿ, ವರ್ಡ್‌ಪ್ರೆಸ್ಸಿನ ಸ್ವಂತ ಗ್ಯಾಲರಿ ಬ್ಲಾಕೇ ಸಾಕು. ಸಾಲಿಗೆ ಎರಡು ಫೋಟೊ ಇದ್ದರೆ ಫೋನಿಗೆ 768ರ ಪ್ರತಿ ಸಾಕಾಗುತ್ತದೆ, ತಲಾ 80 ಕೆಬಿ ಆಸುಪಾಸು, 40ಕ್ಕೆ 3 ಎಂಬಿ ಚಿಲ್ಲರೆ. 2020ರ 5.5 ಆವೃತ್ತಿಯಿಂದ ಲೇಜಿ ಲೋಡಿಂಗ್ ತಾನಾಗಿ ಇದೆ, ಆದ್ದರಿಂದ ಅದೂ ಒಮ್ಮೆಲೇ ಇಳಿಯುವುದಿಲ್ಲ, ಸರಿಸಿದ ಹಾಗೆ ಇಳಿಯುತ್ತದೆ.

1536 ಅಂತ ಬಿಟ್ಟುಬೈಟು ಅವರು ಯಾಕೆ ಹೇಳಿದರು ಎಂಬುದನ್ನು ಅವರು ಬಿಡಿಸಿಲ್ಲ. 1600 ಏರಿಸಿದರೆ ವರ್ಡ್‌ಪ್ರೆಸ್ 1536ರ ಇನ್ನೊಂದು ಪ್ರತಿ ಮಾಡುತ್ತದೆ, ಎರಡಕ್ಕೂ ಕಣ್ಣಿಗೆ ವ್ಯತ್ಯಾಸ ಇಲ್ಲ, ಜಾಗ ದಂಡ. ಸರಿಯಾಗಿ 1536ಕ್ಕೆ ನಿಲ್ಲಿಸಿದರೆ ಆ ಪ್ರತಿಯೇ ಹುಟ್ಟುವುದಿಲ್ಲ.

ಒಂದು ತಿದ್ದುಪಡಿ ನನ್ನದು. ಏರಿಸುವ ಫೈಲಿನ ಕ್ವಾಲಿಟಿ 80 ಬೇಡ, 88 ಇಡಿ. ನೋಡುಗರು ಹೆಚ್ಚಾಗಿ ನೋಡುವುದು 768, 1024ರ ಮರಿಗಳನ್ನು. ಅವನ್ನು ವರ್ಡ್‌ಪ್ರೆಸ್ ನಿಮ್ಮ ಫೈಲನ್ನು ಬಿಡಿಸಿ ಮತ್ತೆ 82ಕ್ಕೆ ಹಿಂಡಿ ಮಾಡುತ್ತದೆ. ಹಿಂಡಿದ್ದನ್ನು ಮತ್ತೆ ಹಿಂಡಿದರೆ ಮೊದಲ ಸಲದ ಕಲೆಯೂ ಜೊತೆಗೆ ಬರುತ್ತದೆ. 88ರಲ್ಲಿ ಫೈಲು 450 ಕೆಬಿ ಆಯಿತು, ಮರಿಗಳು ಸೇರಿ 750 ಆಯಿತು ಅಂತಿಟ್ಟುಕೊಳ್ಳಿ. 400 ಫೋಟೊಗೆ 300 ಎಂಬಿ, 5 ಜಿಬಿಯಲ್ಲಿ ಅದೇನು ಮಹಾ.

ಅಪ್‌ಲೋಡ್ ಎರರ್: ಸರ್ವರಿಗೆ ಮುಖ್ಯ ಫೈಲಿನ ಎಂಬಿ ಅಲ್ಲ, ಪಿಕ್ಸೆಲ್. ಅಳತೆ ಬದಲಿಸಲು ಚಿತ್ರವನ್ನು ಪೂರ್ತಿ ಬಿಡಿಸಿ ಮೆಮೊರಿಯಲ್ಲಿ ಹರಡಬೇಕು. ಪಿಕ್ಸೆಲ್ಲಿಗೆ 4 ಬೈಟಿನಂತೆ 2.4 ಕೋಟಿ ಪಿಕ್ಸೆಲ್ಲಿಗೆ 96 ಎಂಬಿ. ಹೋಸ್ಟಿಂಗಿನವರು ಪಿಎಚ್‌ಪಿಗೆ (ವರ್ಡ್‌ಪ್ರೆಸ್ಸನ್ನು ಓಡಿಸುವ ಪ್ರೋಗ್ರಾಮಿಗೆ) 128 ಎಂಬಿ ಮಿತಿ ಇಟ್ಟಿದ್ದರೆ ಉಳಿದ ಕೆಲಸಕ್ಕೆ ಜಾಗ ಸಾಲದೆ ಅರ್ಧದಲ್ಲೇ ಬೀಳುತ್ತದೆ. ಕ್ವಾಲಿಟಿ ಇಳಿಸಿ ಒಂದೂವರೆ ಎಂಬಿ ಮಾಡಿದರೂ ಎರರ್ ಬಂದಿರಬೇಕು, ಯಾಕೆಂದರೆ ಪಿಕ್ಸೆಲ್ ಅಷ್ಟೇ ಇತ್ತು. 1536ರ ಚಿತ್ರಕ್ಕೆ 6 ಎಂಬಿ ಮೆಮೊರಿ ಸಾಕು, ಈ ತೊಂದರೆ ಮತ್ತೆ ಬರುವುದಿಲ್ಲ.

ಮಂಕು: ಟೂಲ್ಸ್, ಸೈಟ್ ಹೆಲ್ತ್, ಇನ್ಫೊ, ಅದರಲ್ಲಿ ಮೀಡಿಯಾ ಹ್ಯಾಂಡ್ಲಿಂಗ್ ತೆರೆದು ಆ್ಯಕ್ಟಿವ್ ಎಡಿಟರ್ ಯಾವುದು ನೋಡಿ. ಜಿಡಿ (ಸರ್ವರಿನಲ್ಲಿ ಚಿತ್ರದ ಅಳತೆ ಬದಲಿಸುವ ಒಂದು ಸಾಧನ) ಅಂತ ಇದ್ದರೆ ಕಳ್ಳ ಅಲ್ಲೇ ಸಿಕ್ಕ. ಐಫೋನಿನ ಫೋಟೊ ಡಿಸ್‌ಪ್ಲೇ ಪಿ3 ಬಣ್ಣದ ವ್ಯಾಪ್ತಿಯಲ್ಲಿರುತ್ತದೆ, ಕೆಲವರ ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಇಟ್ಟಿರುತ್ತಾರೆ. ಈ ಬಣ್ಣಗಳನ್ನು ಹೇಗೆ ಓದಬೇಕು ಎಂಬ ಚೀಟಿ, ಅಂದರೆ ಪ್ರೊಫೈಲ್, ಫೈಲಿನ ಒಳಗೇ ಇರುತ್ತದೆ. ಜಿಡಿ ಸಣ್ಣ ಪ್ರತಿ ಮಾಡುವಾಗ ಆ ಚೀಟಿ ಬಿದ್ದುಹೋಗುತ್ತದೆ, ಬ್ರೌಸರು ಅದನ್ನು ಎಸ್‌ಆರ್‌ಜಿಬಿ ಅಂದುಕೊಂಡು ಓದಿ ಮಂಕಾಗಿ ತೋರಿಸುತ್ತದೆ. ದೊಡ್ಡದರಲ್ಲಿ ಚೀಟಿ ಉಳಿದಿರುವುದರಿಂದ ಅದು ಸರಿ. ಮದ್ದು: ಏರಿಸುವ ಮೊದಲೇ ಬಣ್ಣವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸುವುದು. ಗಿಂಪ್ ಇಂಥ ಫೈಲು ತೆರೆದಾಗ ಉಳಿಸಲೋ ಪರಿವರ್ತಿಸಲೋ ಅಂತ ಕೇಳುತ್ತದೆ, ಕನ್ವರ್ಟ್ ಒತ್ತಿ. ಒಟ್ಟಿಗೆ ನೂರು ಫೋಟೊ ಇದ್ದರೆ ಡಾರ್ಕ್‌ಟೇಬಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲ್ ಎಸ್‌ಆರ್‌ಜಿಬಿ, ಗರಿಷ್ಠ ಅಳತೆ 1536 ಎಂದು ಕೊಡಬಹುದು. ಪ್ರೊಫೈಲನ್ನು ಬರಿದೇ ಕಿತ್ತುಹಾಕುವುದು ಪರಿವರ್ತನೆಯಲ್ಲ, ಅದು ಮಂಕಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಕ್ಯಾಮೆರಾದ ಮೆನುವಿನಲ್ಲೇ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಮಾಡಿಸಿದರೆ ಮುಂದಿನ ತಿರುಗಾಟಕ್ಕೆ ಈ ಕೆಲಸವೇ ಇಲ್ಲ.

ಅಡ್ಡ ಮಲಗುವುದು: ಕ್ಯಾಮೆರಾ ನಿಲ್ಲಿಸಿ ಹಿಡಿದರೂ ಪಿಕ್ಸೆಲ್ ಬರೆಯುವುದು ಅಡ್ಡಕ್ಕೇ, “ತಿರುಗಿಸಿ ತೋರಿಸು” ಎಂದು ಎಕ್ಸಿಫ್‌ನಲ್ಲಿ ಒಂದು ಮಾತು ಬರೆದಿಟ್ಟಿರುತ್ತದೆ. ಯಾವುದೋ ಸಾಧನ ಪಿಕ್ಸೆಲ್ ತಿರುಗಿಸದೆ ಎಕ್ಸಿಫ್ ಅಳಿಸಿದರೆ ಫೋಟೊ ಮಲಗಿತು. ತಿರುಗಿಸಿಯೂ ಆ ಮಾತನ್ನು ಉಳಿಸಿದರೆ ಇನ್ನೊಂದು ಸುತ್ತು ತಿರುಗಿತು. ಮೊದಲು ತಿರುಗಿಸಿ, ಆಮೇಲೆ ಅಳಿಸಬೇಕು. ಇರ್ಫಾನ್‌ವ್ಯೂ ಸೆಟ್ಟಿಂಗಿನಲ್ಲಿ ಎಕ್ಸಿಫ್ ನೋಡಿ ತಾನೇ ತಿರುಗಿಸುವ ಟಿಕ್ ಇದೆಯೋ ನೋಡಿಕೊಂಡು ಬ್ಯಾಚ್ ಓಡಿಸಿ, ನಿಂತ ಫೋಟೊ ಎರಡನ್ನು ಬ್ರೌಸರಿನಲ್ಲೇ ತೆರೆದು ನೋಡಿ. ಎಕ್ಸಿಫ್ ಅಳಿಸುವುದರಿಂದ ಉಳಿಯುವ ಕೆಬಿ ಅಷ್ಟಕ್ಕಷ್ಟೇ, ಆ ಭಾಗ 64 ಕೆಬಿ ಮೀರುವುದಿಲ್ಲ. ಅಳಿಸಬೇಕಾದ್ದು ಜಿಪಿಎಸ್‌ಗಾಗಿ. ಹಿರಿಯ ಕಲಾವಿದರೊಬ್ಬರ ಮನೆ ಜಗಲಿಯಲ್ಲಿ ಫೋನಿನಿಂದ ತೆಗೆದ ಚಿತ್ರದಲ್ಲಿ ಆ ಮನೆಯ ಅಕ್ಷಾಂಶ ರೇಖಾಂಶ ಇರುತ್ತದೆ.

ಹಳೆಯ 400: ಮೊದಲು ಅಪ್‌ಲೋಡ್ಸ್ ಫೋಲ್ಡರನ್ನು ಎಫ್‌ಟಿಪಿಯಲ್ಲಿ (ಸರ್ವರಿನ ಫೈಲು ನೇರ ಇಳಿಸಿ ಏರಿಸುವ ದಾರಿ) ಪೂರ್ತಿ ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಮೀಡಿಯಾ ಲೈಬ್ರರಿಯಿಂದ ಅಳಿಸಬೇಡಿ, ಪುಟಗಳಲ್ಲಿ ಚಿತ್ರದ ಕೊಂಡಿ ಮುರಿಯುತ್ತದೆ. ಅದರ ಬದಲು ಬಾಲವಿಲ್ಲದ ಮೂಲ ಫೈಲುಗಳನ್ನಷ್ಟೇ ಆರಿಸಿ 1536ಕ್ಕೆ ಇಳಿಸಿ ಅದೇ ಹೆಸರಿನಲ್ಲಿ ಅದೇ ಜಾಗಕ್ಕೆ ಎಫ್‌ಟಿಪಿಯಿಂದ ಏರಿಸಿ. ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರವೂ ಬದಲಾಗಬಾರದು. “ಸ್ಕೇಲ್ಡ್” ಬಾಲದ ಫೈಲನ್ನೂ ಅಳತೆ ಬರೆದ ಬಾಲದವನ್ನೂ ಮುಟ್ಟಬೇಡಿ, ಪುಟದಲ್ಲಿ ಕಾಣುವುದು ಅವೇ. 3.6 ಜಿಬಿ ಇದ್ದ ಮೂಲಗಳು 200 ಎಂಬಿಯ ಒಳಗೆ ಬರುತ್ತವೆ. ಆಮೇಲೆ ಥಂಬ್‌ನೇಲ್ ಮತ್ತೆ ಮಾಡಿಸುವ ಪ್ಲಗಿನ್ ಓಡಿಸಬೇಡಿ, ಈಗ ಕೂತಿರುವ ಲೆಕ್ಕ ಏರುಪೇರಾಗುತ್ತದೆ.


ಉತ್ತರ — ಒತ್ತಕ್ಷರ

ಕರಪತ್ರದ ಬಗ್ಗೆ. ಕನ್ನಡದಲ್ಲಿ ಒತ್ತಕ್ಷರ, ದೀರ್ಘ, ವಟ್ರಸುಳಿ ಎಲ್ಲ ಸಾಲಿನ ಮೇಲೆ ಕೆಳಗೆ ಸಣ್ಣ ಗಾತ್ರದಲ್ಲಿ ಕೂರುತ್ತವೆ. “ಕ್ಷೇತ್ರ ಮಹಾತ್ಮ್ಯೆ” ಅಂತ ಬರೆದರೆ ಮ ಒತ್ತಿನ ಕೆಳಗಿನ ಯ ಒತ್ತು ಎರಡು ಪಿಕ್ಸೆಲ್ ಗೆರೆ. ಜೆಪೆಗ್ ಮೊದಲು ತಿನ್ನುವುದು ಅದನ್ನೇ.

ಫೋಟೊ ಇಲ್ಲದ, ನಾಲ್ಕೈದು ಬಣ್ಣದ ಕರಪತ್ರವಾದರೆ ಪಿಎನ್‌ಜಿ ಮಾಡಿ. ಗಿಂಪ್‌ನಲ್ಲಿ ಇಮೇಜ್, ಮೋಡ್, ಇಂಡೆಕ್ಸ್‌ಡ್ ಹೋಗಿ ಬಣ್ಣ 64 ಕೊಡಿ, ಗೆರೆ ಒಂದೂ ಕೆಡದೆ ಫೈಲು ಚಿಕ್ಕದಾಗುತ್ತದೆ. ಡಿದರಿಂಗ್ ಬೇಡ, ಅದು ಚುಕ್ಕಿ ಹರಡಿ ತೂಕ ಏರಿಸುತ್ತದೆ. ವೇಷದ ದೊಡ್ಡ ಫೋಟೊ ಹಿನ್ನೆಲೆಯಲ್ಲಿದ್ದರೆ ಪಿಎನ್‌ಜಿ ಎಂಬಿಗಟ್ಟಲೆ ಆಗುತ್ತದೆ, ಅಲ್ಲಿ ಜೆಪೆಗ್ 88, 4:4:4. ಅಗಲ 1080ಕ್ಕಿಂತ ಕಡಿಮೆ ಬೇಡ.

ಮುದ್ರಿತ ಕಾಗದದ ಫೋಟೊ ತೆಗೆದು ಹಾಕುವುದು ಬಿಡಿ, ಕಾಗದದ ನೆರಳೂ ಸುಕ್ಕೂ ಕೆಬಿ ತಿನ್ನುತ್ತವೆ. ಡಿಟಿಪಿಯವರ ಹತ್ತಿರ ಕೋರೆಲ್‌ನಿಂದ ನೇರ ಎಕ್ಸ್‌ಪೋರ್ಟ್ ಕೇಳಿ, “ಆರ್‌ಜಿಬಿ ಕೊಡಿ” ಅಂತ ಬಾಯಿ ಬಿಟ್ಟು ಹೇಳಿ. ಪ್ರೆಸ್ಸಿಗೆ ಮಾಡಿದ ಸಿಎಂವೈಕೆ ಜೆಪೆಗ್ ಕೊಟ್ಟರೆ ಬ್ರೌಸರಿನಲ್ಲಿ ಕೇಸರಿ ಒಂದು ಬಣ್ಣ, ಹಸಿರು ಇನ್ನೊಂದು ಬಣ್ಣ ಆಗಿ ಬರಬಹುದು. ಪ್ರಸಂಗ, ದಿನಾಂಕ, ಸ್ಥಳವನ್ನು ಪುಟದಲ್ಲಿ ಯುನಿಕೋಡಿನಲ್ಲೂ ಟೈಪ್ ಮಾಡಿ ಹಾಕಿ. ಡಿಟಿಪಿಯವರ, ಯುನಿಕೋಡ್ ಅಲ್ಲದ ನುಡಿ ಫಾಂಟಿನ ಫೈಲಿನಿಂದ ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ, ಪರಿವರ್ತಿಸಿಕೊಂಡೇ ಹಾಕಬೇಕು.


ಚೌಕಿದೀಪ

ಆ್ಯಕ್ಟಿವ್ ಎಡಿಟರ್ ಜಿಡಿಯೇ ಇದೆ! ಕೊನೆಯ ಎರಡು: ವಾಟ್ಸಾಪಿನಲ್ಲಿ ಬಂದವನ್ನೂ ಇದೇ ಬ್ಯಾಚಿಗೆ ಹಾಕಬಹುದೇ? ಫೈಲಿನ ಹೆಸರು ಕನ್ನಡದಲ್ಲಿ ಇಟ್ಟರೆ ತೊಂದರೆಯೇ?


ಉತ್ತರ — ಬಿಟ್ಟುಬೈಟು

ವಾಟ್ಸಾಪಿನವು ಆಗಲೇ ಹಿಂಡಿ ಬಂದವು, ಉದ್ದ ಬದಿ ಸಾಮಾನ್ಯವಾಗಿ 1600 ಅಥವಾ ಕಡಿಮೆ ಇರುತ್ತದೆ. ಮತ್ತೆ ಸೇವ್ ಮಾಡಬೇಡಿ, ಹಾಗೇ ಏರಿಸಿ. ಅವನ್ನು ಕ್ವಾಲಿಟಿ 95ಕ್ಕೆ ಸೇವ್ ಮಾಡಿದರೆ ಹೋದದ್ದು ಬರುವುದಿಲ್ಲ, ತೂಕ ಮಾತ್ರ ಬರುತ್ತದೆ. ಇನ್ನು ಮುಂದೆ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ, ಮೂಲ ಫೈಲೇ ಬರುತ್ತದೆ. ಐಫೋನಿನವರು ಹಾಗೆ ಕಳಿಸಿದರೆ ಎಚ್‌ಇಐಸಿ ಬರಬಹುದು, ಅದು ಹೆಚ್ಚಿನ ಬ್ರೌಸರುಗಳಲ್ಲಿ ತೆರೆಯುವುದಿಲ್ಲ. ಅವರ ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ “ಮೋಸ್ಟ್ ಕಂಪ್ಯಾಟಿಬಲ್” ಆರಿಸಿದರೆ ಜೆಪೆಗ್ ಆಗಿಯೇ ತೆಗೆಯುತ್ತದೆ.

ಹೆಸರು ಕನ್ನಡದಲ್ಲಿ ಇಟ್ಟರೂ ನಡೆಯುತ್ತದೆ, ಆದರೆ ಕೊಂಡಿ ಹಂಚುವಾಗ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆಯ 9 ಅಕ್ಷರ ಆಗುತ್ತದೆ. “ಮಹಿಷಾಸುರ” ಎಂಬ ಐದಕ್ಷರದಲ್ಲಿ ಗುಣಿತ ಚಿಹ್ನೆ ಸೇರಿ 8 ಸಂಕೇತ, ಕೊಂಡಿಯಲ್ಲಿ 72. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಪ್ರಸಂಗದ ಹೆಸರು, ವರ್ಷ, ಕ್ರಮಸಂಖ್ಯೆ, ನಡುವೆ ಅಡ್ಡಗೆರೆ, ಖಾಲಿ ಜಾಗ ಬೇಡ. ಕನ್ನಡದ ವಿವರಣೆಯನ್ನು ಆಲ್ಟ್ ಟೆಕ್ಸ್ಟಿನಲ್ಲಿ ಬರೆಯಿರಿ: ಯಾವ ವೇಷ, ಯಾರು, ಯಾವ ಊರಿನ ಆಟ.